ಬೌದ್ಧಿಕ ಅಂಗವೈಕಲ್ಯವಿರುವ ಮಗುವಿಗೆ ಎಡಿಎಚ್‌ಡಿಯೂ ಇದೆಯೇ? ಮೊದಲ ಅನುಮಾನದಿಂದ ಔಷಧದ ಮರುಪರಿಶೀಲನೆಯವರೆಗೆ

ಮಗುವಿನ ಬುದ್ಧಿಯ ಬೆಳವಣಿಗೆ ನಿಧಾನ ಎಂಬುದು ಮನೆಯವರಿಗೆ ಗೊತ್ತಾಗಿ ಕಾಲವಾಗಿರುತ್ತದೆ. ಈಗ ಮಗು ಒಂದೆಡೆ ಕೂರುತ್ತಿಲ್ಲ, ಹಿಡಿದ ಕೆಲಸವನ್ನು ಅರ್ಧಕ್ಕೇ ಬಿಟ್ಟು ಏಳುತ್ತದೆ, ಬಾಗಿಲು ತೆರೆದರೆ ಓಡುತ್ತದೆ. ಕೇಳಿದರೆ ಕೆಲವರು "ಬುದ್ಧಿಮಾಂದ್ಯತೆ ಅಂದಮೇಲೆ ಇದೆಲ್ಲ ಇದ್ದದ್ದೇ" ಅನ್ನುತ್ತಾರೆ. ಇನ್ನು ಕೆಲವರು "ಇದು ಎಡಿಎಚ್‌ಡಿ, ಮಾತ್ರೆ ಶುರು ಮಾಡಿಸಿ" ಅನ್ನುತ್ತಾರೆ. ಎರಡೂ ಆತುರದ ಮಾತು. ಮೊದಲನೆಯದನ್ನು ನಂಬಿದರೆ ಚಿಕಿತ್ಸೆ ಸಿಗಬೇಕಾದ ಮಗು ವರ್ಷಗಟ್ಟಲೆ ಬೈಸಿಕೊಳ್ಳುತ್ತದೆ. ಎರಡನೆಯದನ್ನು ನಂಬಿದರೆ ಕಿವಿ ಸರಿಯಾಗಿ ಕೇಳಿಸದ, ರಾತ್ರಿ ನಿದ್ದೆಯಿಲ್ಲದ ಮಗುವಿಗೆ ಗಮನದ ಮಾತ್ರೆ ಬೀಳುತ್ತದೆ.

ಎಡಿಎಚ್‌ಡಿ, ಅಂದರೆ ಗಮನ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ, ಬೌದ್ಧಿಕ ಅಂಗವೈಕಲ್ಯವಿರುವ ಮಕ್ಕಳಲ್ಲಿ ಉಳಿದ ಮಕ್ಕಳಿಗಿಂತ ಹೆಚ್ಚಾಗಿ ಕಾಣಿಸುತ್ತದೆ. ಹಾಗಾಗಿ ಅನುಮಾನ ಬಂದರೆ ಅದು ಅತಿಯಾದ ಕಾಳಜಿಯಲ್ಲ. ಪಾಲಕರೂ ಶಿಕ್ಷಕರೂ ಎಡವುವುದು ಕ್ರಮದಲ್ಲಿ. ಮೊದಲು ಆಗಬೇಕಾದದ್ದು ಕೊನೆಗೆ ಆಗುತ್ತದೆ, ಅಥವಾ ಎಲ್ಲವನ್ನೂ ಒಂದೇ ವಾರದಲ್ಲಿ ಬದಲಿಸಿ ಯಾವುದು ಫಲ ಕೊಟ್ಟಿತೆಂದು ತಿಳಿಯದೆ ಕೂರುತ್ತಾರೆ. ಕೆಳಗಿನ ಹಂತಗಳನ್ನು ಬರೆದ ಕ್ರಮದಲ್ಲೇ ನಡೆಸಿ.

ಎಲ್ಲಕ್ಕಿಂತ ಮೊದಲು: ಮಗುವಿನ ಸುರಕ್ಷತೆ

ಓಡಿಹೋಗುವ, ಎತ್ತರಕ್ಕೆ ಹತ್ತುವ, ನೀರಿನ ಕಡೆಗೆ ಸೆಳೆಯಲ್ಪಡುವ ಮಗುವಿನ ವಿಷಯದಲ್ಲಿ ತಜ್ಞರ ದಿನಾಂಕ ಬರುವವರೆಗೆ ಕಾಯಬೇಡಿ. ಅಪಾಯದ ಅರಿವು ಕಡಿಮೆ ಇದ್ದು, ಯೋಚಿಸುವ ಮೊದಲೇ ಕಾಲು ಓಡುವ ಸ್ವಭಾವವೂ ಸೇರಿದರೆ ಒಂದು ನಿಮಿಷದಲ್ಲಿ ಅನಾಹುತವಾಗಬಹುದು. ಮಗುವಿನ ಕೈಗೆಟುಕದ ಎತ್ತರದಲ್ಲಿ ಚಿಲಕ ಹಾಕಿಸಿ. ಬಾಗಿಲು ತೆರೆದರೆ ಸದ್ದು ಮಾಡುವ ಗಂಟೆ ಇರಲಿ. ಔಷಧಿ ಮತ್ತು ಚೂಪಾದ ವಸ್ತುಗಳು ಬೀಗದೊಳಗಿರಲಿ. ಹೆಸರು ಮತ್ತು ಫೋನ್ ಸಂಖ್ಯೆಯಿರುವ ಗುರುತಿನ ಪಟ್ಟಿ ಸದಾ ಮಗುವಿನ ಮೈಮೇಲಿರಲಿ.

ಕೈಯಲ್ಲಿ ಇಟ್ಟುಕೊಳ್ಳಬೇಕಾದವು

ಒಂದು ನೋಟ್‌ಬುಕ್, ಸಮಯ ಅಳೆಯಲು ಟೈಮರ್, ವಿಡಿಯೊ ತೆಗೆಯಲು ಫೋನ್. ಈ ಹಿಂದೆ ಮಾಡಿಸಿದ ಐಕ್ಯೂ ಪರೀಕ್ಷೆಯ ವರದಿ, ಜೊತೆಗೆ ದಿನನಿತ್ಯದ ಕೌಶಲಗಳನ್ನು ಅಳೆದ ವರದಿ (ವೈನ್‌ಲ್ಯಾಂಡ್ ಮಾಪನ ಇದಕ್ಕೆ ಹೆಚ್ಚು ಬಳಕೆಯಲ್ಲಿದೆ). ಮಗು ಈಗ ತೆಗೆದುಕೊಳ್ಳುತ್ತಿರುವ ಪ್ರತಿ ಔಷಧದ ಹೆಸರು, ಪ್ರಮಾಣ ಮತ್ತು ಶುರುವಾದ ದಿನಾಂಕ. ಈ ದಿನಾಂಕವನ್ನು ಹೆಚ್ಚಿನವರು ಬರೆದಿಡುವುದಿಲ್ಲ; ಮೂರನೇ ಹಂತದಲ್ಲಿ ಅದೇ ಬಹಳ ಮುಖ್ಯವಾಗುತ್ತದೆ. ಇವುಗಳ ಜೊತೆಗೆ ಶಾಲೆಯಲ್ಲಿ ಮಗುವನ್ನು ದಿನವೂ ನೋಡುವ, ನಿಮಗಾಗಿ ನಾಲ್ಕು ಸಾಲು ಬರೆದುಕೊಡಲು ಒಪ್ಪುವ ಒಬ್ಬ ಶಿಕ್ಷಕರು ಬೇಕು.

ಹಂತ 1: ಹೋಲಿಸುವ ವಯಸ್ಸನ್ನು ಸರಿಪಡಿಸಿಕೊಳ್ಳಿ

ಹತ್ತು ವರ್ಷದ ಮಗುವನ್ನು ಹತ್ತು ವರ್ಷದ ಇತರ ಮಕ್ಕಳ ಪಕ್ಕದಲ್ಲಿ ಕೂರಿಸಿ "ಇದಕ್ಕೆ ಗಮನವೇ ಇಲ್ಲ" ಅನ್ನುವುದು ಎಲ್ಲರೂ ಮಾಡುವ ಮೊದಲ ತಪ್ಪು. ಮಗುವಿನ ಐಕ್ಯೂ 50ರ ಆಸುಪಾಸಿನಲ್ಲಿದ್ದರೆ ಅದರ ಮಾನಸಿಕ ವಯಸ್ಸು ಸ್ಥೂಲವಾಗಿ ಐದು ವರ್ಷ. ಐದು ವರ್ಷದ ಮಗು ಎಷ್ಟು ಹೊತ್ತು ಕೂರುತ್ತದೆ, ಎಷ್ಟು ಸಲ ಏಳುತ್ತದೆ, ಎಷ್ಟು ಸೂಚನೆ ನೆನಪಿಟ್ಟುಕೊಳ್ಳುತ್ತದೆ? ಹೋಲಿಕೆ ಅದರೊಂದಿಗೆ ಆಗಬೇಕು. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಪ್ರಕಟಿಸಿದ, ಮಾನಸಿಕ ತೊಂದರೆಗಳನ್ನು ಗುರುತಿಸುವ ಡಿಎಸ್‌ಎಂ-5 ಕೈಪಿಡಿಯೂ ಬೌದ್ಧಿಕ ಅಂಗವೈಕಲ್ಯವಿರುವ ಮಗುವಿನಲ್ಲಿ ಎಡಿಎಚ್‌ಡಿ ಎನ್ನಬೇಕಾದರೆ ಲಕ್ಷಣಗಳು ಆ ಮಗುವಿನ ಮಾನಸಿಕ ವಯಸ್ಸಿಗೂ ಮೀರಿದಷ್ಟಿರಬೇಕು ಎಂದೇ ಹೇಳುತ್ತದೆ.

ಮಾನಸಿಕ ವಯಸ್ಸು ಒಂದು ಅಂದಾಜು ಮಾತ್ರ ಎಂಬುದು ನೆನಪಿರಲಿ. ಒಂದೇ ಮಗುವಿನಲ್ಲಿ ಮಾತು ಮೂರು ವರ್ಷದ ಮಟ್ಟದಲ್ಲಿ, ಕೈಕೆಲಸ ಆರು ವರ್ಷದ ಮಟ್ಟದಲ್ಲಿ ಇರಬಹುದು. ಹಾಗಾಗಿ ಮಾತಿನ ಮೂಲಕ ಹೇಳುವ ಪಾಠದಲ್ಲಿ ಗಮನ ಹೇಗಿದೆ, ಕೈಯಿಂದ ಮಾಡುವ ಕೆಲಸದಲ್ಲಿ ಹೇಗಿದೆ ಎಂದು ಬೇರೆ ಬೇರೆಯಾಗಿ ನೋಡಿ. ಮಾತಿನ ಪಾಠದಲ್ಲಿ ಮಾತ್ರ ಮಗು ಕಳೆದುಹೋಗುತ್ತಿದ್ದರೆ ಅದಕ್ಕೆ ಮಾತು ಅರ್ಥವಾಗುತ್ತಿಲ್ಲ ಎನ್ನುವ ಸಾಧ್ಯತೆಯೇ ಹೆಚ್ಚು.

ಐಕ್ಯೂ ವರದಿ ತುಂಬ ಹಳೆಯದಾಗಿದ್ದರೆ ಮತ್ತೆ ಮಾಡಿಸಿ. ಪರೀಕ್ಷೆಯ ದಿನ ಮಗು ಕುರ್ಚಿಯಲ್ಲೇ ನಿಲ್ಲದೆ ಅರ್ಧ ಪ್ರಶ್ನೆಗಳಿಗೆ ಉತ್ತರಿಸಿರದಿದ್ದರೆ ಅಂಕ ಅದರ ನಿಜವಾದ ಸಾಮರ್ಥ್ಯಕ್ಕಿಂತ ಕೆಳಗೆ ಬಂದಿರಬಹುದು. ಅಂಥ ದಿನವಾಗಿತ್ತೇ ಎಂದು ಮನಃಶಾಸ್ತ್ರಜ್ಞರನ್ನು ಕೇಳಿ.

ಹಂತ 2: ಎರಡು ವಾರ ಬರೆದಿಡಿ

"ದಿನವಿಡೀ ಹೀಗೇ" ಎಂಬ ದೂರಿನಿಂದ ಯಾವ ವೈದ್ಯರಿಗೂ ಏನೂ ಸಿಗುವುದಿಲ್ಲ. ಪ್ರತಿ ಘಟನೆಗೂ ನಾಲ್ಕು ವಿಷಯ ಬರೆಯಿರಿ: ಸಮಯ, ಅದಕ್ಕೆ ಸ್ವಲ್ಪ ಮೊದಲು ನಡೆದದ್ದು, ಮಗು ಮಾಡಿದ್ದು, ಆಮೇಲೆ ದೊಡ್ಡವರು ಮಾಡಿದ್ದು. ಒಂದು ನಮೂದು ಹೀಗಿರಬಹುದು:

"ಬೆಳಗ್ಗೆ 9:10. ಎಲ್ಲರಿಗೂ ಬೋರ್ಡಿನಿಂದ ನೋಡಿ ಬರೆಯಲು ಹೇಳಿದರು. ಅರ್ಧ ನಿಮಿಷಕ್ಕೆ ಪೆನ್ಸಿಲ್ ಎಸೆದು ಕಿಟಕಿಗೆ ಓಡಿದ. ಟೀಚರ್ ಕರೆತಂದು ಹಿಂದಿನ ಮೇಜಿನಲ್ಲಿ ಬ್ಲಾಕ್ಸ್ ಕೊಟ್ಟರು. ಆರು ನಿಮಿಷ ಕೂತು ಗೋಪುರ ಕಟ್ಟಿದ."

ಈ ನಾಲ್ಕು ಸಾಲಿನಲ್ಲಿ ಬಹಳಷ್ಟಿದೆ. ಅದೇ ಹುಡುಗ ಆರು ನಿಮಿಷ ಕೂರಬಲ್ಲ. ಬರೆಯುವ ಕೆಲಸ ಅವನ ಕೈಗೆ ಮೀರಿದ್ದಿರಬೇಕು. ಓಡಿದ್ದಕ್ಕೆ ಆ ಕೆಲಸದಿಂದ ಬಿಡುಗಡೆಯೂ ಸಿಕ್ಕಿತು, ಬ್ಲಾಕ್ಸೂ ಸಿಕ್ಕಿತು. ನಾಳೆಯೂ ಓಡುತ್ತಾನೆ. ಇದಕ್ಕೆ ಬದಲಾಗಿ, ಇಷ್ಟದ ಆಟದಲ್ಲೂ ಅರ್ಧ ನಿಮಿಷಕ್ಕೆ ಎದ್ದು, ಕಿಟಕಿಯ ಬಳಿಯೂ ನಿಲ್ಲದೆ, ಸಿಕ್ಕಿದ್ದನ್ನೆಲ್ಲ ಮುಟ್ಟಿ ಬಿಡುತ್ತ ಸುತ್ತುವ ಮಗುವಾಗಿದ್ದರೆ ಅನುಮಾನ ಎಡಿಎಚ್‌ಡಿಯ ಕಡೆ ವಾಲುತ್ತದೆ.

ಮನೆಯಲ್ಲಿ ನೀವು ಬರೆಯಿರಿ, ಶಾಲೆಯಲ್ಲಿ ಶಿಕ್ಷಕರು ಬರೆಯಲಿ. ಒಬ್ಬರದನ್ನು ಇನ್ನೊಬ್ಬರು ಮೊದಲೇ ನೋಡುವುದು ಬೇಡ. ನಿದ್ದೆಗೆ ಬೇರೆ ಪುಟ: ಮಲಗಿದ್ದು, ಎದ್ದಿದ್ದು, ಮಧ್ಯೆ ಎಚ್ಚರವಾದದ್ದು. ದಿನಕ್ಕೊಂದು ಚಿಕ್ಕ ವಿಡಿಯೊ ತೆಗೆಯಿರಿ, ಒಳ್ಳೆಯ ಹೊತ್ತಿನದೂ ಇರಲಿ. ಪರೀಕ್ಷಾ ಕೋಣೆಯ ಹೊಸತನಕ್ಕೆ ಕೆಲವು ಮಕ್ಕಳು ಅಲ್ಲಿ ಸುಮ್ಮನಾಗಿಬಿಡುತ್ತವೆ. ಆಗ ವೈದ್ಯರು ನೋಡಬೇಕಾದದ್ದು ಆ ವಿಡಿಯೊದಲ್ಲಿ ಮಾತ್ರ ಇರುತ್ತದೆ.

ಈ ಎರಡು ವಾರ ಬೇರೆ ಯಾವುದನ್ನೂ ಬದಲಿಸಬೇಡಿ. ಹೊಸ ಥೆರಪಿ, ಹೊಸ ಟಾನಿಕ್, ಹೊಸ ಶಿಸ್ತು ಯಾವುದೂ ಬೇಡ.

ಹಂತ 3: ಎಡಿಎಚ್‌ಡಿಯಂತೆ ಕಾಣುವ ದೈಹಿಕ ಕಾರಣಗಳನ್ನು ಒಂದೊಂದಾಗಿ ತೆಗೆದುಹಾಕಿ

ಹೆಚ್ಚಿನವರು ಹಾರಿಬಿಡುವ ಹಂತ ಇದು. ನನ್ನ ಮಟ್ಟಿಗೆ ಇಡೀ ಮಾರ್ಗದರ್ಶಿಯಲ್ಲಿ ಅತಿ ಮುಖ್ಯವಾದದ್ದೂ ಇದೇ. ಮಾತು ಬಾರದ ಮಗು "ಹಲ್ಲು ನೋಯುತ್ತಿದೆ" ಎಂದು ಹೇಳುವುದಿಲ್ಲ. ಎದ್ದು ಓಡಾಡುತ್ತದೆ, ಕೈಗೆ ಸಿಕ್ಕಿದ್ದನ್ನು ಎಸೆಯುತ್ತದೆ.

ಕಿವಿ ಮತ್ತು ಕಣ್ಣು. ಹೆಸರು ಕರೆದರೆ ತಿರುಗುವುದಿಲ್ಲ ಎಂಬುದನ್ನು ಗಮನದ ಕೊರತೆ ಎಂದು ಬರೆಯುವ ಮೊದಲು ಶ್ರವಣ ಪರೀಕ್ಷೆ ಆಗಿರಲೇಬೇಕು. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಮಧ್ಯಕಿವಿಯಲ್ಲಿ ದ್ರವ ನಿಂತು ಕೇಳಿಸುವುದು ಕಡಿಮೆಯಾಗುವುದು ತುಂಬ ಸಾಮಾನ್ಯ. ಒಂದು ತಿಂಗಳು ಚೆನ್ನಾಗಿ ಕೇಳಿಸಿ ಮರುತಿಂಗಳು ಮಂದವಾಗಬಹುದಾದ್ದರಿಂದ ಹಳೆಯ ವರದಿಯನ್ನು ನಂಬಿ ಕೂರಬೇಡಿ.

ನಿದ್ದೆ. ನಿದ್ದೆಗೆಟ್ಟ ದೊಡ್ಡವರು ತೂಕಡಿಸುತ್ತಾರೆ. ಮಕ್ಕಳು ಮಾತ್ರ ಅನೇಕ ಸಲ ಹಗಲಿಡೀ ಕುಣಿಯುತ್ತಾರೆ. ಜೋರು ಗೊರಕೆ, ಬಾಯಿಂದ ಉಸಿರಾಟ, ಉಸಿರು ನಿಂತು ಏದುಸಿರಿನೊಂದಿಗೆ ಮತ್ತೆ ಶುರುವಾಗುವುದು, ಕತ್ತು ಹಿಂದಕ್ಕೆ ಚಾಚಿ ಮಲಗುವುದು, ಇವು ಉಸಿರಾಟದ ದಾರಿ ಮುಚ್ಚಿಕೊಳ್ಳುತ್ತಿರುವ ಸೂಚನೆಗಳು. ಡೌನ್ ಸಿಂಡ್ರೋಮ್ ಇದ್ದರೆ ಗೊರಕೆ ಇರಲಿ ಇಲ್ಲದಿರಲಿ 4 ವರ್ಷದೊಳಗೆ ನಿದ್ರಾ ಪರೀಕ್ಷೆ ಮಾಡಿಸಬೇಕೆಂಬುದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ ಸಲಹೆ. ಅಪರೂಪದ ವಂಶವಾಹಿ ತೊಂದರೆಯಾದ ಸ್ಮಿತ್–ಮಜೆನಿಸ್ ಸಿಂಡ್ರೋಮ್‌ನಲ್ಲಿ ನಿದ್ದೆ ತರಿಸುವ ಮೆಲಟೋನಿನ್ ಹಾರ್ಮೋನಿನ ಲಯವೇ ತಿರುಗುಮುರುಗಾಗಿ, ಮಗು ರಾತ್ರಿ ಎಚ್ಚರವಿದ್ದು ಹಗಲು ತೂಕಡಿಸುತ್ತದೆ. ಮಲಗಿದಾಗ ಕಾಲು ಒದರುತ್ತಿದ್ದರೆ ರಕ್ತದಲ್ಲಿ ಕಬ್ಬಿಣದ ಸಂಗ್ರಹ ತೋರಿಸುವ ಫೆರಿಟಿನ್ ಪರೀಕ್ಷೆ ಕೇಳಿ.

ಫಿಟ್ಸ್. ಬೌದ್ಧಿಕ ಅಂಗವೈಕಲ್ಯದೊಂದಿಗೆ ಮೂರ್ಛೆರೋಗ ಸೇರಿಕೊಳ್ಳುವುದು ಅಪರೂಪವೇನಲ್ಲ. ಮೈ ಅದುರುವ ಫಿಟ್ಸ್ ಎಲ್ಲರಿಗೂ ಗೊತ್ತಾಗುತ್ತದೆ. ಕೆಲವೇ ಸೆಕೆಂಡು ದೃಷ್ಟಿ ನೆಟ್ಟು ನಿಂತುಬಿಡುವ ಆಬ್ಸೆನ್ಸ್ ಫಿಟ್ಸ್ ಮಾತ್ರ "ಪಾಠದಲ್ಲಿ ಲಕ್ಷ್ಯವಿಲ್ಲ" ಎಂದು ಬೈಸಿಕೊಳ್ಳುತ್ತದೆ. ವ್ಯತ್ಯಾಸ ಹೀಗೆ ನೋಡಿ: ಗಮನ ತಪ್ಪಿದ ಮಗು ಭುಜ ಮುಟ್ಟಿದರೆ ತಿರುಗುತ್ತದೆ. ಫಿಟ್ಸ್ ಆದರೆ ನಡುಮಾತಿನಲ್ಲಿ, ನಡು ಆಟದಲ್ಲಿ ಥಟ್ಟನೆ ನಿಂತು, ಮುಟ್ಟಿದರೂ ತಿಳಿಯದೆ, ಮತ್ತೆ ಏನೂ ಆಗಿಲ್ಲವೆಂಬಂತೆ ಮುಂದುವರಿಯುತ್ತದೆ. ರೆಪ್ಪೆ ಪಟಪಟನೆ ಬಡಿಯಬಹುದು, ತುಟಿ ಚಪ್ಪರಿಸಬಹುದು. ಇದನ್ನು ವಿಡಿಯೊದಲ್ಲಿ ಹಿಡಿದರೆ ಅರ್ಧ ಕೆಲಸ ಆದಂತೆ. ಮೆದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಇಇಜಿ ಪರೀಕ್ಷೆ ಬೇಕೇ ಎಂದು ನರರೋಗ ತಜ್ಞರು ಹೇಳುತ್ತಾರೆ.

ಈಗಿರುವ ಔಷಧಗಳು. ಫಿಟ್ಸ್‌ಗೆ ಕೊಡುವ ಫಿನೋಬಾರ್ಬಿಟಾಲ್ ಮಕ್ಕಳಲ್ಲಿ ಅತಿಚಟುವಟಿಕೆ ಉಂಟುಮಾಡುವುದು ಹಳೆಯ, ಚೆನ್ನಾಗಿ ಗೊತ್ತಿರುವ ಸಂಗತಿ. ಲೆವೆಟಿರಾಸಿಟಮ್‌ನಿಂದ ಕೆಲವರಲ್ಲಿ ಸಿಡುಕು, ಆಕ್ರಮಣ ಹೆಚ್ಚುತ್ತದೆ. ಟೊಪಿರಮೇಟ್‌ನಿಂದ ಯೋಚನೆ, ಮಾತು ಮಂದವಾಗಬಹುದು. ನಿದ್ದೆಗೆಂದು ಕೊಡುವ ಕೆಲವು ಅಲರ್ಜಿ ಸಿರಪ್‌ಗಳು, ಡಯಾಜೆಪಾಮ್ ವರ್ಗದ ಔಷಧಗಳು ಕೆಲವು ಮಕ್ಕಳನ್ನು ಉಲ್ಟಾ ಉದ್ರೇಕಿಸುತ್ತವೆ. ಆಕ್ರಮಣ ತಗ್ಗಿಸಲೆಂದು ಕೊಡುವ ರಿಸ್ಪೆರಿಡೋನ್, ಹ್ಯಾಲೊಪೆರಿಡಾಲ್ ತೆಗೆದುಕೊಳ್ಳುವ ಮಗು ನಿಂತಲ್ಲಿ ನಿಲ್ಲದೆ ಕಾಲು ಬದಲಿಸುತ್ತ ಚಡಪಡಿಸುತ್ತಿದ್ದರೆ ಅದು ಔಷಧದಿಂದಲೇ ಬಂದ ಅಕತೀಸಿಯಾ ಇರಬಹುದು. ಅದನ್ನು ರೋಗ ಹೆಚ್ಚಾಗಿದೆ ಎಂದು ತಿಳಿದು ಪ್ರಮಾಣ ಏರಿಸಿದರೆ ಚಡಪಡಿಕೆಯೂ ಏರುತ್ತದೆ. ನೀವು ಬರೆದಿಟ್ಟ ದಿನಾಂಕ ಉಪಯೋಗಕ್ಕೆ ಬರುವುದು ಇಲ್ಲಿ: ಚಟುವಟಿಕೆ ಹೆಚ್ಚಾದ ತಿಂಗಳನ್ನೂ ಔಷಧ ಶುರುವಾದ ತಿಂಗಳನ್ನೂ ಪಕ್ಕಪಕ್ಕ ಇಟ್ಟು ನೋಡಿ. ಅನುಮಾನ ಬಂದರೂ ಫಿಟ್ಸ್ ಔಷಧವನ್ನು ನೀವಾಗಿಯೇ ನಿಲ್ಲಿಸಬೇಡಿ. ಹಠಾತ್ತನೆ ನಿಲ್ಲಿಸಿದರೆ ಎಡೆಬಿಡದ ಫಿಟ್ಸ್ ಬರುವ ಅಪಾಯವಿದೆ.

ನೋವು ಮತ್ತು ರಕ್ತ ಪರೀಕ್ಷೆ. ಹುಳುಕು ಹಲ್ಲು, ಮಲಬದ್ಧತೆ, ಹೊಟ್ಟೆಯ ಆಮ್ಲ ಮೇಲೇರುವುದು, ಕಿವಿಯ ಸೋಂಕು ಇವನ್ನೆಲ್ಲ ನೋಡಿಸಿ. ಥೈರಾಯ್ಡ್ ಪರೀಕ್ಷೆ ಇರಲಿ. ಡೌನ್ ಸಿಂಡ್ರೋಮ್‌ನಲ್ಲಿ ಅದನ್ನು ವರ್ಷಕ್ಕೊಮ್ಮೆ ಮಾಡಿಸುವುದು ರೂಢಿ. ಮಣ್ಣು, ಬಣ್ಣದ ಚಕ್ಕೆ ತಿನ್ನುವ ಅಭ್ಯಾಸ ಮಗುವಿಗಿದ್ದರೆ ರಕ್ತದಲ್ಲಿನ ಸೀಸದ ಅಂಶವನ್ನೂ ಪರೀಕ್ಷಿಸಲು ಹೇಳಿ. ಬೌದ್ಧಿಕ ಅಂಗವೈಕಲ್ಯಕ್ಕೆ ಕಾರಣವೇನೆಂದು ಇನ್ನೂ ಗೊತ್ತಾಗಿಲ್ಲದಿದ್ದರೆ ವಂಶವಾಹಿ ಪರೀಕ್ಷೆಯ ಬಗ್ಗೆ ಈಗ ಕೇಳಿ. ಫ್ರಜೈಲ್ ಎಕ್ಸ್, 22ಕ್ಯು11.2 ಅಳಿಕೆ (22ನೇ ವರ್ಣತಂತುವಿನ ಒಂದು ತುಣುಕು ಇಲ್ಲದಿರುವುದು), ವಿಲಿಯಮ್ಸ್ ಸಿಂಡ್ರೋಮ್‌ಗಳಲ್ಲಿ ಎಡಿಎಚ್‌ಡಿ ಹೆಚ್ಚು. ಹೆಸರು ತಿಳಿದರೆ ಹೃದಯ, ನಿದ್ದೆ, ಆತಂಕ ಇವುಗಳಲ್ಲಿ ಯಾವುದರ ಮೇಲೆ ಕಣ್ಣಿಡಬೇಕು ಎಂಬುದೂ ತಿಳಿಯುತ್ತದೆ.

ಹಂತ 4: ಕೆಲಸ ಮಗುವಿನ ಮಟ್ಟಕ್ಕಿದೆಯೇ ಎಂದು ಪರೀಕ್ಷಿಸಿ

ಇದಕ್ಕೆ ಯಾವ ತಜ್ಞರೂ ಬೇಡ. ಮಗುವಿಗೆ ಖಂಡಿತ ಬರುವ, ಬೇಸರವಿಲ್ಲದ ಒಂದು ಕೆಲಸ ಆರಿಸಿ. ದಪ್ಪ ಮಣಿಗಳನ್ನು ದಾರಕ್ಕೆ ಪೋಣಿಸುವುದು ಅಂದುಕೊಳ್ಳೋಣ. ಗೋಡೆಗೆ ಮುಖ ಮಾಡಿದ ಮೇಜು, ಮೇಜಿನ ಮೇಲೆ ಐದೇ ಮಣಿ, ಟಿವಿ ಬಂದ್, ಕಾಲು ನೆಲಕ್ಕೆ ಮುಟ್ಟುವ ಕುರ್ಚಿ. ಟೈಮರ್ ಒತ್ತಿ ಸುಮ್ಮನೆ ಪಕ್ಕದಲ್ಲಿ ಕೂತು ಕಣ್ಣುಗಳನ್ನೇ ನೋಡಿ. ಮೊದಲ ಮಣಿ ದಾರಕ್ಕೆ ಇಳಿಯುವಷ್ಟರಲ್ಲಿ ಕಣ್ಣು ಬಾಗಿಲಿಗೆ ಹೋಯಿತೇ? ಎರಡನೆಯದನ್ನು ಕೈಯಲ್ಲಿ ಹಿಡಿದಂತೆಯೇ ಎದ್ದು ನಿಂತಿತೇ? ಇಲ್ಲ, ಐದೂ ಮುಗಿಸಿ ಇನ್ನೂ ಬೇಕೆಂದು ಕೈಚಾಚಿತೇ? ಇದನ್ನೇ ಸ್ವಲ್ಪ ಕಷ್ಟದ ಕೆಲಸದಲ್ಲಿ, ಆಮೇಲೆ ಸದ್ದುಗದ್ದಲದ ಕೋಣೆಯಲ್ಲಿ ಮಾಡಿ ನೋಡಿ. ಬೇರೆ ಬೇರೆ ದಿನ, ಬೇರೆ ಬೇರೆ ಹೊತ್ತಿನಲ್ಲಿ ಮಾಡಿ.

ಸುಲಭ ಕೆಲಸದಲ್ಲಿ ಕೂತು ಕಷ್ಟದ ಕೆಲಸದಲ್ಲಿ ಮಾತ್ರ ಏಳುವ ಮಗುವಿಗೆ ಬೇಕಾದದ್ದು ಪಾಠದ ಬದಲಾವಣೆ. ಸುಲಭದಲ್ಲೂ, ಇಷ್ಟದಲ್ಲೂ, ಶಾಂತ ಕೋಣೆಯಲ್ಲೂ ನಿಲ್ಲದ ಮಗುವನ್ನು ಮುಂದಿನ ಹಂತಕ್ಕೆ ಕರೆದೊಯ್ಯಿರಿ. ಮೊಬೈಲ್ ಪರದೆಯ ಮುಂದೆ ಗಂಟೆಗಟ್ಟಲೆ ಕೂರುತ್ತದೆ ಎಂಬುದನ್ನು ಇಲ್ಲಿ ಲೆಕ್ಕಕ್ಕೆ ಹಿಡಿಯಬೇಡಿ. ಪರದೆ ಕ್ಷಣಕ್ಷಣಕ್ಕೂ ಹೊಸದನ್ನು ತೋರಿಸಿ ಗಮನವನ್ನು ತಾನೇ ಹಿಡಿದಿಡುತ್ತದೆ. ಎಡಿಎಚ್‌ಡಿ ಇರುವ ಮಕ್ಕಳೂ ಅಲ್ಲಿ ಕೂರುತ್ತಾರೆ.

ಹಂತ 5: ತಜ್ಞರ ಬಳಿ ಏನು ಕೇಳಬೇಕು

ಮಕ್ಕಳ ಮನೋವೈದ್ಯರು, ಬೆಳವಣಿಗೆಯ ತೊಂದರೆ ನೋಡುವ ಮಕ್ಕಳ ವೈದ್ಯರು ಅಥವಾ ಮಕ್ಕಳ ನರರೋಗ ತಜ್ಞರು ಇದನ್ನು ನಿರ್ಧರಿಸಬಹುದು. ಡಿಎಸ್‌ಎಂ-5ರ ಪ್ರಕಾರ ಗಮನ ಕೊರತೆಯ 9 ಲಕ್ಷಣ, ಅತಿಚಟುವಟಿಕೆ ಮತ್ತು ದುಡುಕಿನ 9 ಲಕ್ಷಣ ಇವೆ. ಎರಡರಲ್ಲಿ ಒಂದು ಗುಂಪಿನಲ್ಲಾದರೂ ಕನಿಷ್ಠ 6 ಲಕ್ಷಣ 6 ತಿಂಗಳು ಇರಬೇಕು (17 ವರ್ಷ ಮತ್ತು ಮೇಲ್ಪಟ್ಟವರಿಗೆ 5 ಸಾಕು), ಕೆಲವು ಲಕ್ಷಣಗಳು 12 ವರ್ಷದೊಳಗೆ ಶುರುವಾಗಿರಬೇಕು, ಒಂದಕ್ಕಿಂತ ಹೆಚ್ಚು ಕಡೆ ಕಾಣಿಸಬೇಕು. ಮನೆಯಲ್ಲಿ ಮಾತ್ರ ಅಥವಾ ಶಾಲೆಯಲ್ಲಿ ಮಾತ್ರ ಎಂದಾದರೆ ಕಾರಣ ಆ ಜಾಗದಲ್ಲಿದೆಯೇ ಎಂದು ಮೊದಲು ಹುಡುಕಬೇಕು.

ತೊಡಕು ಇರುವುದು ಪ್ರಶ್ನಾವಳಿಯಲ್ಲಿ. "ಅತಿಯಾಗಿ ಮಾತಾಡುತ್ತದೆ", "ಪ್ರಶ್ನೆ ಮುಗಿಯುವ ಮೊದಲೇ ಉತ್ತರಿಸುತ್ತದೆ", "ಹೋಮ್‌ವರ್ಕ್ ಮರೆಯುತ್ತದೆ" ಎಂಬ ಸಾಲುಗಳು ಮಾತು ಬಾರದ ಮಗುವಿಗೆ ಅನ್ವಯಿಸುವುದಿಲ್ಲ. "ಇಲ್ಲ" ಎಂದು ಗುರುತು ಹಾಕಿ ಮುಂದೆ ಹೋಗಬೇಡಿ. ಅದೇ ಸ್ವಭಾವ ಈ ಮಗುವಿನಲ್ಲಿ ಹೇಗೆ ಕಾಣುತ್ತದೆ ಎಂದು ವೈದ್ಯರಿಗೆ ವಿವರಿಸಿ: ನಿರಂತರ ಸದ್ದು ಮಾಡುವುದು, ಸರದಿ ಬರುವ ಮೊದಲೇ ಇನ್ನೊಬ್ಬರ ಕೈಯಿಂದ ಕಸಿಯುವುದು, ಚಪ್ಪಲಿ ತರಲು ಹೋದದ್ದು ಬಾಗಿಲ ಬಳಿ ನಿಂತು ಹೋದದ್ದೇಕೆಂದು ಮರೆಯುವುದು. ಬೌದ್ಧಿಕ ಅಂಗವೈಕಲ್ಯವಿರುವವರಿಗೆಂದೇ ರೂಪಿಸಿದ ಮಾಪನಗಳೂ ಇವೆ. ಮೈಕಲ್ ಅಮನ್ ಮತ್ತು ನಿರ್ಭಯ್ ಸಿಂಗ್ 1985ರಲ್ಲಿ ಪ್ರಕಟಿಸಿದ, 58 ಅಂಶಗಳ 'ಅಬೆರೆಂಟ್ ಬಿಹೇವಿಯರ್ ಚೆಕ್‌ಲಿಸ್ಟ್' ಅಂಥದ್ದು. ಅದರಲ್ಲಿ ಅತಿಚಟುವಟಿಕೆಗೆ ಪ್ರತ್ಯೇಕ ವಿಭಾಗವಿದೆ. ಇದನ್ನು ಬಳಸಬಹುದೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಆಟಿಸಂ, ಆತಂಕ ಇವೂ ಜೊತೆಗಿವೆಯೇ ಎಂದು ಅದೇ ಭೇಟಿಯಲ್ಲಿ ನೋಡಿಸಿ. ಆಟಿಸಂ ಮತ್ತು ಎಡಿಎಚ್‌ಡಿ ಎರಡನ್ನೂ ಒಂದೇ ಮಗುವಿಗೆ ಗುರುತಿಸಲು 2013ರಿಂದ ಅವಕಾಶವಿದೆ. ತೀವ್ರ ಮತ್ತು ಅತಿತೀವ್ರ ಬೌದ್ಧಿಕ ಅಂಗವೈಕಲ್ಯದಲ್ಲಿ ಖಚಿತವಾಗಿ ಹೇಳುವುದು ಅನುಭವಿಗಳಿಗೂ ಕಷ್ಟ. ಹದಿನೈದು ನಿಮಿಷದ ಒಂದೇ ಭೇಟಿಯಲ್ಲಿ, ಶಾಲೆಯ ಮಾಹಿತಿ ಇಲ್ಲದೆ, ಹಳೆಯ ವರದಿ ತೆರೆಯದೆ ಹೆಸರಿಟ್ಟರೆ ಎರಡನೇ ಅಭಿಪ್ರಾಯ ಪಡೆಯಿರಿ.

ಹಂತ 6: ಮನೆ ಮತ್ತು ತರಗತಿಯನ್ನು ಬದಲಿಸಿ

ಔಷಧ ಬೇಕಾಗಲಿ ಬೇಡವಾಗಲಿ, ಈ ಹಂತ ತಪ್ಪಿಸುವಂತಿಲ್ಲ. ಐದು ವರ್ಷದೊಳಗಿನ ಮಗುವಿಗಂತೂ ಪಾಲಕರ ತರಬೇತಿಯೇ ಮೊದಲ ಚಿಕಿತ್ಸೆ.

ಒಂದು ಸಲಕ್ಕೆ ಒಂದು ಸೂಚನೆ. ಹತ್ತಿರ ಹೋಗಿ, ಕಣ್ಣಿನ ಮಟ್ಟಕ್ಕೆ ಬಾಗಿ, ಎರಡು ಮೂರು ಪದದಲ್ಲಿ ಹೇಳಿ: "ಶೂ ತಾ." ಆಮೇಲೆ ಮನಸ್ಸಿನಲ್ಲೇ ಹತ್ತು ಎಣಿಸಿ. ಈ ಮಕ್ಕಳಿಗೆ ಕೇಳಿದ್ದು ಅರ್ಥವಾಗಿ ಕೈಕಾಲಿಗೆ ಇಳಿಯಲು ಹೊತ್ತು ಬೇಕು. ನಾವು ಮೂರೇ ಸೆಕೆಂಡಿಗೆ ಮತ್ತೆ ಹೇಳುತ್ತೇವೆ, ಅದೂ ಬೇರೆ ಪದದಲ್ಲಿ. ಮಗು ಮೊದಲಿಂದ ಶುರು ಮಾಡಬೇಕಾಗುತ್ತದೆ. ಕಾಯುವುದೊಂದನ್ನು ಕಲಿತರೆ ಸಾಕು, ಮನೆಯಲ್ಲಿ ಕೂಗಾಟ ಎದ್ದು ಕಾಣುವಷ್ಟು ಇಳಿಯುತ್ತದೆ.

ಹೇಳುವುದರ ಜೊತೆಗೆ ತೋರಿಸಿ. "ಮೊದಲು ಇದು, ಆಮೇಲೆ ಅದು" ಎಂಬ ಎರಡು ಚಿತ್ರಗಳ ಹಲಗೆಯಿಂದ ಶುರು ಮಾಡಿ. ಅದು ಹಿಡಿದ ಮೇಲೆ ಮೂರು, ನಾಲ್ಕು ಚಿತ್ರಗಳಿಗೆ ಹೋಗಿ. ಇಡೀ ದಿನದ ವೇಳಾಪಟ್ಟಿಯನ್ನು ಮೊದಲ ದಿನವೇ ಗೋಡೆಗೆ ಅಂಟಿಸಿದರೆ ಅದು ಗೋಡೆಯ ಅಲಂಕಾರವಾಗಿ ಉಳಿಯುತ್ತದೆ. ಚಿತ್ರ ಅರ್ಥವಾಗದ ಮಗುವಿಗೆ ವಸ್ತುವನ್ನೇ ಕೈಗೆ ಕೊಡಿ; ಟವೆಲ್ ಕೊಟ್ಟರೆ ಸ್ನಾನ, ಚೀಲ ಕೊಟ್ಟರೆ ಶಾಲೆ.

ಕೆಲಸವನ್ನು ತುಂಡು ಮಾಡಿ, ಕೊನೆಯ ತುಂಡಿನಿಂದ ಕಲಿಸಿ. ಟಿ-ಶರ್ಟ್ ಹಾಕುವಾಗ ಎಲ್ಲವನ್ನೂ ನೀವೇ ಮಾಡಿ, ಹೊಟ್ಟೆಯ ಮೇಲೆ ಕೆಳಗೆಳೆಯುವುದನ್ನು ಮಾತ್ರ ಮಗುವಿಗೆ ಬಿಡಿ. ಕೆಲಸ ಮುಗಿಸಿದ್ದು ಮಗುವೇ ಆದ್ದರಿಂದ ಮೆಚ್ಚುಗೆ ಅದಕ್ಕೇ ಸಿಗುತ್ತದೆ. ಅದು ಬಂದ ಮೇಲೆ ಅದರ ಹಿಂದಿನ ತುಂಡು.

ಕೂರುವ ಹೊತ್ತನ್ನು ಈಗಿರುವುದಕ್ಕಿಂತ ಕಡಿಮೆಯಿಂದ ಶುರು ಮಾಡಿ. ಮಗು ಮೂರು ನಿಮಿಷ ಕೂರುತ್ತದೆ ಎಂದಾದರೆ ಎರಡು ನಿಮಿಷಕ್ಕೆ ಟೈಮರ್ ಇಟ್ಟು, ಅದು ಏಳುವ ಮೊದಲೇ ನೀವೇ ಎಬ್ಬಿಸಿ. ಎದ್ದು ಪುಸ್ತಕ ಕೊಟ್ಟು ಬರುವುದು, ಬೋರ್ಡು ಒರೆಸುವುದು ಇಂಥ ಓಡಾಟದ ಕೆಲಸ ಕೊಡಿ. ಬಹುಮಾನ ಆ ಕ್ಷಣದಲ್ಲೇ ಸಿಗಬೇಕು. ವಾರದ ಕೊನೆಗೆ ಸಿಗುವ ಸ್ಟಾರ್‌ಗೂ ಈ ಹೊತ್ತಿನ ಕೂರುವಿಕೆಗೂ ಇರುವ ಸಂಬಂಧ ಈ ಮಗುವಿಗೆ ಹೊಳೆಯುವುದಿಲ್ಲ.

ಓಟದ ಬದಲು ಹೇಳುವ ದಾರಿ ಕಲಿಸಿ. ಕೆಲಸ ತಪ್ಪಿಸಿಕೊಳ್ಳಲು ಓಡುವ ಮಗುವಿಗೆ "ಸಾಕು" ಎಂಬ ಕಾರ್ಡ್ ಅಥವಾ ಕೈಸನ್ನೆ ಕಲಿಸಿ, ಮೊದಮೊದಲು ತೋರಿಸಿದಾಗಲೆಲ್ಲ ಒಂದು ನಿಮಿಷ ಬಿಡುವು ಕೊಡಿ. ಇದನ್ನು ಮುದ್ದು ಮಾಡಿ ಕೆಡಿಸುವುದು ಎಂದು ತಿಳಿಯುವವರಿದ್ದಾರೆ. ಓಡಿದರೂ ಬಿಡುವು ಸಿಗುತ್ತಲೇ ಇತ್ತಲ್ಲ. ಈಗ ಅದೇ ಬಿಡುವನ್ನು ಮಗು ಕೂತಲ್ಲಿಂದ ಕೇಳುತ್ತಿದೆ.

ಇಲ್ಲಿ ಕೆಡುವುದು ಎರಡು ಕಾರಣಕ್ಕೆ. ಒಂದು, ಮನೆಯ ಒಬ್ಬೊಬ್ಬರದು ಒಂದೊಂದು ನಿಯಮ. ಇನ್ನೊಂದು, ಅರ್ಧದಲ್ಲಿ ಕೈಬಿಡುವುದು. ಇಷ್ಟು ದಿನ ಕಿರುಚಿದರೆ ಸಿಗುತ್ತಿದ್ದದ್ದು ಸಿಗದಿದ್ದಾಗ ಮಗು ಮೊದಲು ಇನ್ನೂ ಜೋರಾಗಿ ಕಿರುಚುತ್ತದೆ. ಆಗ ಸೋತು ಕೊಟ್ಟುಬಿಟ್ಟರೆ ಜೋರಾಗಿ ಕಿರುಚಿದರೆ ಸಿಗುತ್ತದೆ ಎಂಬ ಪಾಠ ಗಟ್ಟಿಯಾಗುತ್ತದೆ. ತಡೆಯುವ ಶಕ್ತಿ ಮನೆಯವರಿಗೆ ಇರುವ ದಿನಗಳನ್ನು ನೋಡಿಕೊಂಡೇ ಶುರು ಮಾಡಿ. ಆದರೆ ಮಗು ತನಗೇ ಪೆಟ್ಟು ಮಾಡಿಕೊಳ್ಳುತ್ತಿದ್ದರೆ ಸುಮ್ಮನೆ ಬಿಡುವುದು ಸಲ್ಲದು. ತಡೆದು, ವರ್ತನಾ ಚಿಕಿತ್ಸಕರನ್ನು ಕರೆಯಿರಿ.

ಹೊಡೆಯುವುದು, ಕಟ್ಟಿಹಾಕುವುದು, ಕತ್ತಲೆ ಕೋಣೆ ಇವು ಯಾವ ಹಂತದಲ್ಲೂ ಇಲ್ಲ.

ಹಂತ 7: ಔಷಧ, ನಿಧಾನವಾಗಿ ಮತ್ತು ಅಳತೆಯಿಟ್ಟು

ಆರನೇ ಹಂತ ಪ್ರಾಮಾಣಿಕವಾಗಿ ನಡೆದ ಮೇಲೂ ಮಗುವಿನ ಕಲಿಕೆ, ಸುರಕ್ಷತೆ, ಮನೆಯ ಬದುಕು ನಲುಗುತ್ತಿದ್ದರೆ ಔಷಧದ ಮಾತು ಬರುತ್ತದೆ. ಅದನ್ನು ಸೋಲೆಂದು ನೋಡಬೇಡಿ. ಬೌದ್ಧಿಕ ಅಂಗವೈಕಲ್ಯವಿದೆ ಎಂಬ ಕಾರಣಕ್ಕೇ ಔಷಧ ನಿರಾಕರಿಸುವುದೂ ಅನ್ಯಾಯವೇ.

ಮೊದಲ ಆಯ್ಕೆ ಸಾಮಾನ್ಯವಾಗಿ ಮೀಥೈಲ್‌ಫೆನಿಡೇಟ್, ಆರು ವರ್ಷ ಮತ್ತು ಮೇಲ್ಪಟ್ಟವರಿಗೆ. ಎಷ್ಟು ನಿರೀಕ್ಷಿಸಬೇಕು? ಬ್ರಿಟನ್‌ನಲ್ಲಿ ಎಮಿಲಿ ಸಿಮೊನಾಫ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 7ರಿಂದ 15 ವರ್ಷದ, ಐಕ್ಯೂ 30ರಿಂದ 69ರ ನಡುವಿನ, ತೀವ್ರ ಎಡಿಎಚ್‌ಡಿಯ 122 ಮಕ್ಕಳಿಗೆ 16 ವಾರ ನಿಜ ಔಷಧ ಅಥವಾ ಔಷಧವೇ ಇಲ್ಲದ ಹುಸಿ ಮಾತ್ರೆ ಕೊಟ್ಟರು. ನಿಜ ಔಷಧ ಪಡೆದವರಲ್ಲಿ 40 ಶೇಕಡ, ಹುಸಿ ಮಾತ್ರೆಯವರಲ್ಲಿ 7 ಶೇಕಡ ಮಕ್ಕಳು ಸುಧಾರಿಸಿದರು. ಅಂದರೆ ಫಲ ಖಂಡಿತ ಇದೆ. ಬೌದ್ಧಿಕ ಅಂಗವೈಕಲ್ಯವಿಲ್ಲದ ಮಕ್ಕಳಲ್ಲಿ ಕಾಣುವಷ್ಟಿಲ್ಲ. ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಹೇಳಿಕೊಳ್ಳುವ ಲಾಭ ಆಗದಿರಬಹುದು ಎಂಬುದನ್ನು ಮೊದಲೇ ತಿಳಿದಿದ್ದರೆ ಪ್ರಮಾಣ ಏರಿಸುತ್ತಲೇ ಹೋಗುವ ತಪ್ಪು ಆಗುವುದಿಲ್ಲ.

ಶುರು ಮಾಡುವ ಮೊದಲು ಎತ್ತರ, ತೂಕ, ನಾಡಿ, ರಕ್ತದೊತ್ತಡ ಬರೆಸಿಕೊಳ್ಳಿ. ಡೌನ್ ಸಿಂಡ್ರೋಮ್, ವಿಲಿಯಮ್ಸ್, 22ಕ್ಯು11.2 ಅಳಿಕೆ ಇರುವ ಮಕ್ಕಳಲ್ಲಿ ಹುಟ್ಟಿನಿಂದಲೇ ಹೃದಯದ ದೋಷ ಹೆಚ್ಚು. ಹೃದಯ ತಜ್ಞರು ಒಪ್ಪದೆ ಮುಂದುವರಿಯಬೇಡಿ. ಫಿಟ್ಸ್ ಇರುವ ಮಗುವಿನ ನರರೋಗ ತಜ್ಞರಿಗೆ ವಿಷಯ ತಿಳಿದಿರಲಿ. ಕುಟುಂಬದಲ್ಲಿ ಚಿಕ್ಕ ವಯಸ್ಸಿನಲ್ಲಿ ಹಠಾತ್ ಹೃದಯ ಸಾವು ಆಗಿದ್ದರೆ ಕೇಳದಿದ್ದರೂ ಹೇಳಿ.

ಆಮೇಲೆ ಐದು ವರ್ತನೆಗಳನ್ನು ಆರಿಸಿ. "ಮೇಜಿನಿಂದ ಏಳುವುದು", "ಬಾಗಿಲಿಗೆ ಓಡುವುದು" ಹೀಗೆ ಎಣಿಸಲು ಬರುವಂಥವು. ಪ್ರತಿಯೊಂದಕ್ಕೂ 0ಯಿಂದ 3ರ ಅಂಕ. ಮನೆಯಲ್ಲೂ ಶಾಲೆಯಲ್ಲೂ ಔಷಧಕ್ಕೆ ಮೊದಲು ಒಂದು ವಾರ, ಆಮೇಲೆ ಪ್ರತಿ ಪ್ರಮಾಣದಲ್ಲೂ ಕನಿಷ್ಠ ಒಂದು ವಾರ ಅಂಕ ಹಾಕಿ. ಅತಿ ಕಡಿಮೆ ಪ್ರಮಾಣದಿಂದ ಶುರುವಾಗಿ, ಸಾಮಾನ್ಯಕ್ಕಿಂತ ನಿಧಾನವಾಗಿ ಏರಬೇಕು. ಆ ಅವಧಿಯಲ್ಲಿ ಹೊಸ ಥೆರಪಿ, ತರಗತಿ ಬದಲಾವಣೆ ಬೇಡ.

ಅಡ್ಡಪರಿಣಾಮವನ್ನು ಈ ಮಗು ಬಾಯಿಬಿಟ್ಟು ಹೇಳುವುದಿಲ್ಲ, ನೀವೇ ಹುಡುಕಬೇಕು. ಊಟ ಸೇರದಿರುವುದು, ನಿದ್ದೆ ಬಾರದಿರುವುದು ಸಾಮಾನ್ಯ. ಚರ್ಮ ಕೆರೆದುಕೊಳ್ಳುವುದು, ತುಟಿ ನೆಕ್ಕುತ್ತಲೇ ಇರುವುದು, ಹೊಸದಾಗಿ ಮುಖ ಅಥವಾ ಭುಜ ಸೆಳೆಯುವುದು, ಕಾರಣವಿಲ್ಲದೆ ಅಳು, ಆಟ ಬಿಟ್ಟು ಮೂಲೆ ಹಿಡಿಯುವುದು ಇವನ್ನು ದಿನಾಂಕದೊಂದಿಗೆ ಬರೆಯಿರಿ. ಮಗು ಕಲ್ಲಿನಂತೆ ಕೂತಿದೆ ಎಂಬುದನ್ನು ಸುಧಾರಣೆಯ ಅಂಕದಲ್ಲಿ ಸೇರಿಸಬೇಡಿ. ನಗು, ಕುತೂಹಲ ಹೋಗಿದ್ದರೆ ಪ್ರಮಾಣ ಹೆಚ್ಚಾಗಿದೆ. ಬೇಗ ಕೆಲಸ ಮಾಡುವ ಮಾತ್ರೆಯ ಪ್ರಭಾವ ನಾಲ್ಕು ಗಂಟೆಯಷ್ಟೇ. ಅದು ಇಳಿಯುವ ಹೊತ್ತಿಗೆ ಮೊದಲಿಗಿಂತ ಹೆಚ್ಚು ರಂಪ ಎದ್ದರೆ ಔಷಧ ಫಲಿಸಿಲ್ಲ ಎಂದು ತೀರ್ಮಾನಿಸದೆ ಗಂಟೆ ನಮೂದಿಸಿ ವೈದ್ಯರಿಗೆ ತೋರಿಸಿ. ದಿನವಿಡೀ ಕೆಲಸ ಮಾಡುವ ಮಾತ್ರೆಗಳನ್ನು ಪುಡಿ ಮಾಡಬಾರದು, ಅಗಿಯಬಾರದು. ಮಗುವಿಗೆ ನುಂಗಲು ಬಾರದಿದ್ದರೆ ಅದನ್ನು ಚೀಟಿ ಬರೆಯುವ ಮೊದಲೇ ಹೇಳಿ. ಬಿಚ್ಚಿ ಉದುರಿಸಬಹುದಾದ ಕ್ಯಾಪ್ಸೂಲ್‌ಗಳಿವೆ.

ಇದು ಒಗ್ಗದಿದ್ದರೆ ಆಟೊಮೊಕ್ಸಿಟಿನ್ ಇದೆ. ಪೂರ್ಣ ಫಲ ಕಾಣಲು ವಾರಗಳೇ ಬೇಕು, ಎರಡನೇ ವಾರಕ್ಕೇ ಕೈಬಿಡಬೇಡಿ. ಕ್ಲೊನಿಡಿನ್, ಗ್ವಾನ್‌ಫಸಿನ್ ತೂಕಡಿಕೆ ತರುತ್ತವೆ, ರಕ್ತದೊತ್ತಡ ಇಳಿಸುತ್ತವೆ. ಇವನ್ನು ಹಠಾತ್ತನೆ ನಿಲ್ಲಿಸಿದರೆ ರಕ್ತದೊತ್ತಡ ಥಟ್ಟನೆ ಏರುತ್ತದೆ. ಪ್ರವಾಸಕ್ಕೆ ಹೊರಟಾಗ ಮರೆತುಹೋಗುವ ಔಷಧ ಇದಾಗಬಾರದು. ರಿಸ್ಪೆರಿಡೋನ್‌ನಂಥವು ಎಡಿಎಚ್‌ಡಿಯ ಔಷಧಗಳಲ್ಲ. ಆಕ್ರಮಣ, ಸ್ವಹಾನಿಗೆ ಕೊಡುವುದುಂಟು. "ಮಗು ಸುಮ್ಮನಾಗಲಿ" ಎಂದು ಮೊದಲಿಗೇ ಅದನ್ನು ಬರೆದರೆ ಕಾರಣ ಕೇಳಿ.

ಹಂತ 8: ಮರುಪರಿಶೀಲನೆಯ ದಿನಾಂಕ ಮೊದಲೇ ಬರೆದಿಡಿ

ಬ್ರಿಟನ್‌ನ ಆರೋಗ್ಯ ಸಂಸ್ಥೆ ನೈಸ್‌ನ ಮಾರ್ಗಸೂಚಿ 10 ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳ ತೂಕವನ್ನು 3 ತಿಂಗಳಿಗೊಮ್ಮೆ, ಎತ್ತರವನ್ನು 6 ತಿಂಗಳಿಗೊಮ್ಮೆ, ನಾಡಿ ಮತ್ತು ರಕ್ತದೊತ್ತಡವನ್ನು ಪ್ರತಿ ಪ್ರಮಾಣ ಬದಲಾವಣೆಯ ನಂತರ ಹಾಗೂ 6 ತಿಂಗಳಿಗೊಮ್ಮೆ ನೋಡಲು ಹೇಳುತ್ತದೆ. ವರ್ಷಕ್ಕೊಮ್ಮೆ ಔಷಧ ಇನ್ನೂ ಬೇಕೇ ಎಂದು ಕೇಳಬೇಕು. ವೈದ್ಯರ ಒಪ್ಪಿಗೆಯಿಂದ ಕೆಲವು ದಿನ ಬಿಟ್ಟು, ಅದೇ ಐದು ವರ್ತನೆಗಳಿಗೆ ಅಂಕ ಹಾಕಿ ನೋಡಬಹುದು. ಶಾಲೆ ಬದಲಾದಾಗ, ಹರೆಯ ಶುರುವಾದಾಗ, ಫಿಟ್ಸ್ ಔಷಧ ಬದಲಾದಾಗ ಎರಡನೇ ಹಂತದ ನೋಟ್‌ಬುಕ್ ಮತ್ತೆ ತೆರೆಯಿರಿ.

ಕಾಯದೆ ವೈದ್ಯರನ್ನು ಕಾಣಬೇಕಾದ ಸೂಚನೆಗಳು

ಎದೆ ಹಿಡಿದುಕೊಳ್ಳುವುದು, ಮೂರ್ಛೆ ಹೋಗುವುದು, ಹೊಸದಾಗಿ ಫಿಟ್ಸ್ ಬರುವುದು ಅಥವಾ ಇದ್ದದ್ದು ಹೆಚ್ಚುವುದು. ಇಲ್ಲದ್ದನ್ನು ನೋಡಿದಂತೆ, ಕೇಳಿದಂತೆ ವರ್ತಿಸುವುದು. ಆಟೊಮೊಕ್ಸಿಟಿನ್ ತೆಗೆದುಕೊಳ್ಳುವಾಗ ಕಣ್ಣು ಹಳದಿಯಾಗುವುದು, ಮೂತ್ರ ಕಡುಬಣ್ಣಕ್ಕೆ ತಿರುಗುವುದು, ಸಾಯುವ ಮಾತಾಡುವುದು. ತೂಕ ಸತತವಾಗಿ ಇಳಿಯುವುದು.

ಇನ್ನೊಂದು ಸೂಚನೆಗೆ ಔಷಧದ ಸಂಬಂಧವೇ ಇಲ್ಲ: ಕಲಿತಿದ್ದ ಕೌಶಲಗಳನ್ನು ಮಗು ಕಳೆದುಕೊಳ್ಳುವುದು. ಆಡುತ್ತಿದ್ದ ಮಾತು ನಿಂತಿತು, ತಾನೇ ಹಾಕಿಕೊಳ್ಳುತ್ತಿದ್ದ ಚಪ್ಪಲಿ ಈಗ ಹಾಕಲು ಬರುವುದಿಲ್ಲ ಎಂದಾದರೆ ಅದನ್ನು ಎಡಿಎಚ್‌ಡಿಗೂ ಸೇರಿಸಬೇಡಿ, ಬೌದ್ಧಿಕ ಅಂಗವೈಕಲ್ಯಕ್ಕೂ ಸೇರಿಸಬೇಡಿ. ಎರಡರಲ್ಲೂ ಕಲಿಕೆ ನಿಧಾನವಾಗುತ್ತದೆ, ಹಿಂದಕ್ಕೆ ಹೋಗುವುದಿಲ್ಲ. ಅಂಥ ಮಗುವನ್ನು ಅದೇ ವಾರ ನರರೋಗ ತಜ್ಞರಿಗೆ ತೋರಿಸಿ, ಹಳೆಯ ವಿಡಿಯೊಗಳನ್ನೂ ಜೊತೆಗೆ ಒಯ್ಯಿರಿ.